ಟ್ರೇಲ್‌ನಲ್ಲಿ ಪಳಗಿದ ಮೈಗೆ ರಸ್ತೆ ಯಾಕೆ ನೋವು ಕೊಡುತ್ತದೆ?

ಪ್ರಶ್ನೆ: ಸರ್, ನನಗೆ 43 ವರ್ಷ, ತೂಕ 78 ಕೆಜಿ. ಏಳು ವರ್ಷದಿಂದ ಮೌಂಟನ್ ಬೈಕ್ ಓಡಿಸುತ್ತಿದ್ದೇನೆ. ವಾರಕ್ಕೆ ಎರಡು ಸಲ ಟ್ರೇಲ್‌ಗೆ, ಅಂದರೆ ಕಾಡು ಗುಡ್ಡದ ಕಚ್ಚಾ ದಾರಿಗೆ, ಹೋಗುತ್ತೇನೆ. ಕಲ್ಲು, ಬೇರು, ಕಡಿದಾದ ಇಳಿಜಾರು ಎಲ್ಲ ಅಭ್ಯಾಸವಾಗಿದೆ. ಮಳೆ ಶುರುವಾದರೆ ಟ್ರೇಲ್ ಕೆಸರಾಗಿ ತಿಂಗಳುಗಟ್ಟಲೆ ಸೈಕಲ್ ಮೂಲೆ ಸೇರುತ್ತದೆ. ಅದಕ್ಕೇ ಮೂರು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ತೆಗೆದುಕೊಂಡೆ. ಗೇರ್ ಚಕ್ರದ ಹಲ್ಲುಗಳು ಮುಂದೆ 50-34, ಹಿಂದೆ 11-28. ಟೈರ್ 25 ಮಿಮೀ, ಗಾಳಿ 110 ಪಿಎಸ್‌ಐ. ಆದರೆ 40 ನಿಮಿಷ ಆಗುವಷ್ಟರಲ್ಲಿ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ಕುತ್ತಿಗೆ ನೋಯುತ್ತದೆ. ಏರು ಹತ್ತಿದ ಮರುದಿನ ಮಂಡಿಯ ಮುಂಭಾಗ ನೋವು. ಇಳಿಜಾರಿನಲ್ಲಂತೂ ಎದೆ ಢವಢವ. ಬಂಡೆ ಇಳಿಯುವವನಿಗೆ ನುಣುಪಾದ ರಸ್ತೆ ಕಂಡರೆ ಭಯ ಅಂದರೆ ಸ್ನೇಹಿತರು ನಗುತ್ತಾರೆ. ಶೂ ಸಿಕ್ಕಿಸಿಕೊಳ್ಳುವ ರೋಡ್ ಪೆಡಲ್‌ನಿಂದ ಕಾಲು ಬಿಡಿಸಲಾಗದೆ ಸಿಗ್ನಲ್‌ನಲ್ಲಿ ಬಿದ್ದದ್ದೂ ಆಯಿತು. ಇದೆಲ್ಲ ಸಾಲದು ಅಂತ ಮೊನ್ನೆ ಟ್ರೇಲ್‌ಗೆ ಹೋದಾಗ ಕಣ್ಣು ಮುಚ್ಚಿ ಹೋಗುವಂಥ ತಿರುವಿನಲ್ಲಿ ಬಿದ್ದೆ. ಹಿಂದಿನ ದಿನ 70 ಕಿಮೀ ರಸ್ತೆಯಲ್ಲಿ ಹೋಗಿದ್ದೆ. 'ರಸ್ತೆಗೆ ಹೋದವರ ಕೈ ಕೆಡುತ್ತದೆ, ಎರಡರಲ್ಲಿ ಒಂದನ್ನು ಮಾರು' ಅನ್ನುತ್ತಿದ್ದಾರೆ. ನಿಜ ಹೇಳಬೇಕೆಂದರೆ ರಸ್ತೆಯಲ್ಲಿ ಸ್ವಲ್ಪ ಬೇಜಾರೂ ಆಗುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ದೂರುಗಳಿವೆ. ಪೂರ್ತಿ ಓದಿದರೆ ಅಡಿಯಲ್ಲಿರುವ ಚಿಂತೆ ಒಂದೇ: ಹೊಸದನ್ನು ಕಲಿಯಲು ಹೋಗಿ ಇದ್ದದ್ದನ್ನೂ ಕಳೆದುಕೊಳ್ಳುತ್ತಿದ್ದೇನಾ ಅನ್ನುವುದು. ಇಲ್ಲ. ಯಾವ ಸೈಕಲ್ಲನ್ನೂ ಸದ್ಯಕ್ಕೆ ಮಾರಬೇಡಿ. ನೀವು ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ಒಂದು ಅಲೆನ್ ಕೀ, ಒಂದು ಪಂಪು, ಸ್ವಲ್ಪ ತಾಳ್ಮೆ ಇದ್ದರೆ ಸರಿಹೋಗುವಂಥವು. ಬೈಕ್ ಫಿಟ್ಟಿಂಗ್‌ಗೆ ನನ್ನ ಹತ್ತಿರ ಬರುವ ಮೌಂಟನ್ ಬೈಕಿನವರು ಹೆಚ್ಚುಕಡಿಮೆ ಇದೇ ಪಟ್ಟಿ ಹಿಡಿದುಕೊಂಡು ಬರುತ್ತಾರೆ.

ಟ್ರೇಲ್‌ನಲ್ಲಿ ಮೈ ಒಂದು ಕ್ಷಣ ಸುಮ್ಮನಿರುವುದಿಲ್ಲ. ಏರು ಬಂದರೆ ಮುಂದಕ್ಕೆ ಬಾಗುತ್ತೀರಿ. ಇಳಿಜಾರು ಬಂದರೆ ಸೀಟ್ ಇಳಿಸಿ ಎದ್ದು ನಿಲ್ಲುತ್ತೀರಿ. ಬೇರು ಕಂಡರೆ ಮೊಣಕೈ ಮಡಚುತ್ತೀರಿ. ಹ್ಯಾಂಡಲ್ ಮೇಲಿನ ಭಾರ ಪ್ರತಿ ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತಲೇ ಇರುತ್ತದೆ. ರಸ್ತೆಯಲ್ಲಿ ಇದು ಉಲ್ಟಾ. ಒಂದೇ ಭಂಗಿ, ಒಂದೇ ಹಿಡಿತ, ಒಂದೇ ಲಯದಲ್ಲಿ ಪೆಡಲ್, ಅದೂ ಗಂಟೆಗಟ್ಟಲೆ. ನಿಮ್ಮ ಹೃದಯ, ಶ್ವಾಸಕೋಶ, ತೊಡೆ ಈ ಕೆಲಸಕ್ಕೆ ಎಂದೋ ತಯಾರಾಗಿವೆ. ಅಂಗೈ ಬುಡ, ಕುತ್ತಿಗೆಯ ಹಿಂಭಾಗ, ಸೊಂಟ ತಯಾರಾಗಿಲ್ಲ.

ಇಲ್ಲೊಂದು ತಮಾಷೆ ಇದೆ. ಸೈಕಲ್ಲಿಗೇ ಹೊಸಬರಾದವರು 15 ಕಿಮೀಗೆ ಏದುಸಿರು ಬಿಡುತ್ತಾ ಮನೆಗೆ ಬರುತ್ತಾರೆ. ಹಾಗಾಗಿ ಅವರ ಅಂಗೈ, ಕುತ್ತಿಗೆ ಉಳಿಯುತ್ತವೆ. ನಿಮಗೆ ದಮ್ಮಿದೆ. ಮೊದಲ ವಾರವೇ 60 ಕಿಮೀ ಹೊಡೆದುಬಿಡುತ್ತೀರಿ. ಬೇರೆ ಭಾಗಗಳಿಗೆ ಒಗ್ಗಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಕೈ ಜೋಮು ಹಿಡಿಯುವುದು

ಕಿರುಬೆರಳು ಮತ್ತು ಉಂಗುರ ಬೆರಳು ಅಂತ ನೀವು ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು. ಈ ಎರಡು ಬೆರಳುಗಳಿಗೆ ಹೋಗುವುದು ಅಲ್ನಾರ್ ನರ. ಅದು ಅಂಗೈ ಬುಡದಲ್ಲಿ, ಕಿರುಬೆರಳಿನ ಕಡೆಯಿಂದ, ಚರ್ಮಕ್ಕೆ ಹತ್ತಿರವಾಗಿಯೇ ಹಾದುಹೋಗುತ್ತದೆ. ಮಣಿಕಟ್ಟು ಹಿಂದಕ್ಕೆ ಬಾಗಿದ್ದು, ಆ ಜಾಗದ ಮೇಲೆ ಮೈಭಾರ ಬಿದ್ದರೆ ನರ ಒತ್ತಿಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದಿದ್ದರೆ ಅದು ಬೇರೆ ನರದ ಕಥೆ.

ಎಲ್ಲರೂ ಮೊದಲು ಮಾಡುವುದು ದಪ್ಪ ಗ್ಲೌಸ್ ಕೊಳ್ಳುವುದು. ಅಥವಾ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) ಗಿಡ್ಡ ಮಾಡಿಸುವುದು. ಎರಡೂ ಕೊನೆಗೆ ನೋಡಬೇಕಾದವು. ಮೊದಲು ಸೀಟ್ ನೋಡಿ. ಮೌಂಟನ್ ಬೈಕಿನಲ್ಲಿ ಕಡಿದಾದ ಏರು ಹತ್ತಲು ಅನುಕೂಲ ಅಂತ ಸೀಟಿನ ಮೂತಿಯನ್ನು ತುಸು ಕೆಳಗೆ ಮಾಡಿಕೊಳ್ಳುವ ಅಭ್ಯಾಸ ಬಹಳ ಜನರಿಗಿದೆ. ಅದೇ ಕೋನವನ್ನು ರೋಡ್ ಬೈಕಿಗೆ ತಂದರೆ ಮೈ ಸದಾ ಮುಂದಕ್ಕೆ ಜಾರುತ್ತಿರುತ್ತದೆ. ಜಾರದಂತೆ ತಡೆಯುವ ಕೆಲಸ ಅಂಗೈಗೆ ಬೀಳುತ್ತದೆ. ಸೀಟಿನ ಮೇಲೆ ಉದ್ದದ ಪುಸ್ತಕವೊಂದನ್ನಿಟ್ಟು ಸಮತಟ್ಟಾಗಿದೆಯೇ ನೋಡಿ. ಒಂದೆರಡು ಡಿಗ್ರಿ ಇಳುಕಲಿದ್ದರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಬೇಡ.

ಆಮೇಲೆ ಸೀಟ್ ಹಿಂದೆ ಮುಂದೆ ಎಷ್ಟಿದೆ ಅನ್ನುವುದು. ಹ್ಯಾಂಡಲ್ ದೂರ ಅನ್ನಿಸುತ್ತಿದೆ ಅಂತ ಸೀಟನ್ನೇ ಮುಂದಕ್ಕೆ ತಳ್ಳಿಕೊಂಡವರನ್ನು ಬಹಳ ನೋಡಿದ್ದೇನೆ. ಕೈಗೆ ಹ್ಯಾಂಡಲ್ ಹತ್ತಿರವಾಗುತ್ತದೆ ನಿಜ. ಆದರೆ ಮೈಭಾರವೂ ಮುಂದೆ ಹೋಗಿ ಅಂಗೈ ಮೇಲೆ ಕೂರುತ್ತದೆ. ಒಂದು ಪರೀಕ್ಷೆ ಮಾಡಿ. ಸಮತಟ್ಟು ರಸ್ತೆಯಲ್ಲಿ, ವಾಹನ ಇಲ್ಲದ ಕಡೆ, ಮಧ್ಯಮ ಶ್ರಮದಲ್ಲಿ ಪೆಡಲ್ ಮಾಡುತ್ತಾ ಹ್ಯಾಂಡಲ್ ಮೇಲಿನ ಕೈಯನ್ನು ಸಡಿಲ ಬಿಟ್ಟು ನೋಡಿ. ಪೂರ್ತಿ ಎತ್ತಬೇಕಿಲ್ಲ. ಮೈ ಅಲ್ಲೇ ನಿಂತರೆ ಸರಿ. ದೊಪ್ಪನೆ ಮುಂದಕ್ಕೆ ಬಿದ್ದ ಹಾಗೆ ಆದರೆ ಸೀಟನ್ನು ಐದು ಮಿಲಿಮೀಟರ್ ಹಿಂದಕ್ಕೆ ಸರಿಸಿ ಮತ್ತೆ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹಳೆಯ ಅಳತೆಗೆ ಟೇಪ್ ಅಂಟಿಸಿ ಗುರುತು ಇಟ್ಟುಕೊಳ್ಳಿ.

ಸೀಟ್ ಸರಿಯಾದ ಮೇಲೂ ಹ್ಯಾಂಡಲ್ ದೂರವೇ ಅನ್ನಿಸಿದರೆ ಆಗ ಸ್ಟೆಮ್ ಮಾತು. ಟ್ರೇಲ್ ಬೈಕಿನ ಸ್ಟೆಮ್ 35ರಿಂದ 50 ಮಿಮೀ ಇರುತ್ತದೆ, ರೋಡ್ ಬೈಕಿನದು ಸಾಮಾನ್ಯವಾಗಿ 90ರಿಂದ 120. ಹತ್ತು ಮಿಮೀ ಕಡಿಮೆ ಮಾಡಿದರೆ, ಅಥವಾ ಸ್ಟೆಮ್ ಕೆಳಗೆ ಸ್ಪೇಸರ್ ಬಳೆ ಹಾಕಲು ಜಾಗವಿದ್ದು ಹ್ಯಾಂಡಲ್ ಸ್ವಲ್ಪ ಮೇಲೆ ಬಂದರೆ, ಕುತ್ತಿಗೆಗೂ ಆರಾಮ. ತೀರಾ ಗಿಡ್ಡ ಸ್ಟೆಮ್ ಹಾಕಿದರೆ ಹ್ಯಾಂಡಲ್ ಚಂಚಲವಾಗಿ, ನಿಮ್ಮ ಇಳಿಜಾರಿನ ಭಯ ಇನ್ನೂ ಜಾಸ್ತಿಯಾದೀತು. ಸೆಕೆಂಡ್ ಹ್ಯಾಂಡ್ ಬೈಕ್ ಅಂದಿರಿ. ಫ್ರೇಮೇ ನಿಮಗೆ ದೊಡ್ಡ ಸೈಜಿನದಾಗಿದ್ದರೆ ಸ್ಟೆಮ್‌ನಿಂದ ಅದನ್ನು ಸರಿಮಾಡಲು ಆಗುವುದಿಲ್ಲ. ಆ ಒಂದು ಸಂದರ್ಭದಲ್ಲಿ ಮಾತ್ರ ಬೈಕ್ ಬದಲಾಯಿಸಿ ಅನ್ನುತ್ತೇನೆ.

ಇನ್ನು ಅಭ್ಯಾಸ. ಮೇಲಿನ ನೇರ ಭಾಗದಲ್ಲಿ, ಬ್ರೇಕ್ ಲಿವರ್ ಕೂತಿರುವ ಹುಡ್ ಮೇಲೆ, ಕೆಳಗೆ ಬಾಗಿದ ಡ್ರಾಪ್‌ನಲ್ಲಿ ಅಂತ ಹ್ಯಾಂಡಲ್‌ನಲ್ಲಿ ಕೈ ಇಡಲು ಮೂರು ಜಾಗ ಇವೆ. ಐದು ಹತ್ತು ನಿಮಿಷಕ್ಕೊಮ್ಮೆ ಬದಲಿಸಿ. ಆಗಾಗ ಸೀಟಿನಿಂದ ಎದ್ದು ಹತ್ತು ಹದಿನೈದು ಸಲ ಪೆಡಲ್ ತುಳಿಯಿರಿ. ಮೊಣಕೈ ತುಸು ಮಡಚಿರಲಿ, ಭುಜ ಕಿವಿಯಿಂದ ದೂರ ಇರಲಿ. ಇವೆಲ್ಲ ಟ್ರೇಲ್‌ನಲ್ಲಿ ನೀವು ಗೊತ್ತಿಲ್ಲದೆಯೇ ಮಾಡುವ ಕೆಲಸ. ರಸ್ತೆಯಲ್ಲಿ ನೆನಪು ಮಾಡಿಕೊಂಡು ಮಾಡಬೇಕು. 40 ನಿಮಿಷಕ್ಕೆ ಜೋಮು ಬರುತ್ತದೆ ಅಂದರೆ 30ಕ್ಕೇ ಒಮ್ಮೆ ನಿಲ್ಲಿ. ಬಂದ ಮೇಲೆ ಕೈ ಕೊಡವುವುದಕ್ಕಿಂತ ಬರುವ ಮುಂಚೆ ಭಾರ ತೆಗೆಯುವುದು ಮೇಲು.

ಗಾಳಿ ಜಾಸ್ತಿಯಾಯಿತು

110 ಪಿಎಸ್‌ಐ ಯಾಕೆ ಹಾಕುತ್ತೀರಿ ಅಂತ ಕೇಳಿದರೆ 'ಟೈರ್ ಮೇಲೆ ಬರೆದಿತ್ತು' ಅನ್ನುತ್ತೀರಿ, ಅಲ್ವಾ? ಅಲ್ಲಿ ಬರೆದಿರುವುದು ಗರಿಷ್ಠ ಮಿತಿ. ಮೌಂಟನ್ ಬೈಕಿನಲ್ಲಿ ಒಂದೆರಡು ಪಿಎಸ್‌ಐ ಹೆಚ್ಚುಕಡಿಮೆ ಆದರೂ ಗುರುತಿಸುವ ಜನ, ರೋಡ್ ಬೈಕ್ ಅಂದ ಕೂಡಲೇ ಕಲ್ಲಿನಂತೆ ಗಟ್ಟಿ ಇರಬೇಕು ಅಂದುಕೊಳ್ಳುವುದು ನನಗೆ ಇವತ್ತಿಗೂ ಅರ್ಥವಾಗದ ವಿಷಯ.

ಸಣ್ಣ ಟೈರ್, ಗಟ್ಟಿ ಗಾಳಿ ಇದ್ದರೆ ವೇಗ ಅನ್ನುವುದು ಹಳೆಯ ನಂಬಿಕೆ. ಗಾಜಿನಷ್ಟು ನುಣುಪಾದ ನೆಲದಲ್ಲಿ ಅದು ನಿಜವಿರಬಹುದು. ನಿಜವಾದ ರಸ್ತೆಯಲ್ಲಿ ಸಣ್ಣ ಸಣ್ಣ ಉಬ್ಬುತಗ್ಗು ಇರುತ್ತವೆ. ಟೈರ್ ಅವುಗಳನ್ನು ನುಂಗದಿದ್ದರೆ ಸೈಕಲ್, ಮೈ ಎರಡೂ ಕುಲುಕುತ್ತವೆ. ಆ ಕುಲುಕಾಟದಲ್ಲಿ ನಿಮ್ಮ ಶಕ್ತಿ ಸುಮ್ನೆ ಹಾಳು. ವೃತ್ತಿಪರ ರೇಸ್‌ನವರೇ ಈಗ 28 ಮಿಮೀ, ಅದಕ್ಕೂ ಅಗಲದ ಟೈರ್‌ಗೆ ಹೋಗಿದ್ದಾರೆ. ನಿಮ್ಮ ತೂಕಕ್ಕೆ 25 ಮಿಮೀ ಟೈರ್‌ನಲ್ಲಿ ಹಿಂದೆ ಸುಮಾರು 85-90, ಮುಂದೆ ಅದಕ್ಕಿಂತ ಐದು ಕಡಿಮೆ ಇಟ್ಟು ಶುರು ಮಾಡಿ. ಫ್ರೇಮ್ ಮತ್ತು ಬ್ರೇಕ್ ನಡುವೆ ಜಾಗವಿದ್ದರೆ 28 ಹಾಕಿಸಿ, ಆಗ 75ರ ಆಸುಪಾಸು ಸಾಕು. ತೀರಾ ಕಡಿಮೆ ಮಾಡಿದರೆ ಗುಂಡಿಗೆ ಬಿದ್ದಾಗ ರಿಮ್‌ಗೆ ಸಿಕ್ಕಿ ಟ್ಯೂಬ್ ಕತ್ತರಿಸುತ್ತದೆ, ಆ ಮಿತಿಯೂ ನೆನಪಿರಲಿ. ಮುಂದೆ ಎಂದಾದರೂ ಹುಕ್‌ಲೆಸ್ ರಿಮ್ (ಟೈರ್ ಅಂಚನ್ನು ಹಿಡಿಯುವ ಕೊಕ್ಕೆ ಇಲ್ಲದ್ದು) ಕೊಂಡರೆ ಅದಕ್ಕೆ 72.5 ಪಿಎಸ್‌ಐ ಮೇಲ್ಮಿತಿ. ಅದನ್ನು ಮೀರುವ ಹಾಗೇ ಇಲ್ಲ, ಟೈರ್ ರಿಮ್‌ನಿಂದ ಕಳಚಿಕೊಳ್ಳಬಹುದು. ಗಾಳಿ ಇಳಿಸಿದ ದಿನವೇ ಕೈಗೆ ಅರ್ಧ ಆರಾಮ ಸಿಕ್ಕರೆ ಆಶ್ಚರ್ಯಪಡಬೇಡಿ.

ಮಂಡಿ ನೋವಿನ ಲೆಕ್ಕ

ಇದಕ್ಕೆ ಕಾರಣ ನಿಮ್ಮ ಪತ್ರದ ಗೇರ್ ಅಂಕಿಗಳಲ್ಲೇ ಇದೆ. ಈಗಿನ ಟ್ರೇಲ್ ಬೈಕಿನಲ್ಲಿ ಸಾಮಾನ್ಯವಾಗಿ ಮುಂದೆ 32 ಹಲ್ಲು, ಹಿಂದೆ ದೊಡ್ಡದು 51. ಅತಿ ಹಗುರ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿದರೆ ಸೈಕಲ್ ಗಂಟೆಗೆ ಐದು ಕಿಮೀ ಚಿಲ್ಲರೆ ವೇಗದಲ್ಲಿ ಹೋಗುತ್ತದೆ. ನಿಮ್ಮ ರೋಡ್ ಬೈಕಿನ ಅತಿ ಹಗುರ ಗೇರ್ 34-28. ಅದೇ 60 ಸುತ್ತಿಗೆ ಅದು ಒಂಬತ್ತು ಕಿಮೀಗಿಂತ ಜಾಸ್ತಿ ವೇಗ ಕೇಳುತ್ತದೆ. ಕಡಿದಾದ ಏರಿನಲ್ಲಿ ಅಷ್ಟು ವೇಗ ಸಾಧ್ಯವಿಲ್ಲ. ಆಗ ಪೆಡಲ್ ನಿಮಿಷಕ್ಕೆ 40-45ಕ್ಕೆ ಇಳಿಯುತ್ತದೆ. ಪ್ರತಿ ತುಳಿತಕ್ಕೂ ಮಂಡಿಚಿಪ್ಪಿನ ಮೇಲೆ ದೊಡ್ಡ ಒತ್ತಡ ಬೀಳುತ್ತದೆ. ಮರುದಿನದ ನೋವು ಅದರ ಬಿಲ್ಲು.

ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಬದಲಿಸಿ 11-34 ಹಾಕಿಸಿದರೆ ಅದೇ ಲಯಕ್ಕೆ ಏಳೂವರೆ ಕಿಮೀ ವೇಗ ಸಾಕಾಗುತ್ತದೆ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ನಿಮ್ಮ ಹಿಂದಿನ ಡಿರೇಲರ್ ಅಷ್ಟು ದೊಡ್ಡ ಹಲ್ಲನ್ನು ತಡೆದುಕೊಳ್ಳುತ್ತದೆಯೇ ಅಂತ ಮೊದಲು ಮೆಕ್ಯಾನಿಕ್ ಹತ್ತಿರ ಕೇಳಿ. ಇಲ್ಲದಿದ್ದರೆ ಡಿರೇಲರ್ ಕೂಡ ಬದಲಿಸಬೇಕು. ಚೈನ್ ಉದ್ದವೂ ಹೆಚ್ಚಬೇಕಾಗುತ್ತದೆ. 'ರೋಡ್ ಬೈಕಿಗೆ ಅಷ್ಟು ಹಗುರ ಗೇರಾ?' ಅಂತ ಯಾರಾದರೂ ಹುಬ್ಬೇರಿಸಿದರೆ ಏರಿಸಲಿ, ಮಂಡಿ ನಿಮ್ಮದು. ಸಮತಟ್ಟಿನಲ್ಲಿ ನಿಮಿಷಕ್ಕೆ 80-90 ಸುತ್ತಿನ ಲಯ ರೂಢಿಸಿಕೊಳ್ಳಿ. ಮೊದಲು ಸೀಟಿನ ಮೇಲೆ ಕುಣಿದ ಹಾಗೆ ಆಗುತ್ತದೆ, ಕೆಲವು ವಾರದಲ್ಲಿ ಕೂರುತ್ತದೆ.

ಸೀಟಿನ ಎತ್ತರವನ್ನೂ ನೋಡಿ. ಮಂಡಿಯ ಮುಂಭಾಗ ನೋವಿದ್ದರೆ ಸೀಟ್ ತಗ್ಗಿರುವ ಸಾಧ್ಯತೆ ಹೆಚ್ಚು, ಹಿಂಭಾಗ ನೋವಿದ್ದರೆ ಎತ್ತರ ಜಾಸ್ತಿ. ಟ್ರೇಲ್ ಬೈಕಿನ ಅಳತೆಯನ್ನು ಹಾಗೇ ತಂದು ಇಟ್ಟಿದ್ದರೆ ಅದು ತಗ್ಗೇ ಇರುತ್ತದೆ, ಯಾಕೆಂದರೆ ಅಲ್ಲಿ ಓಡಾಡಲು ಜಾಗ ಬೇಕು ಅಂತ ತುಸು ಕೆಳಗೆ ಇಟ್ಟಿರುತ್ತೇವೆ. ಬರಿಗಾಲಿನ ಹಿಮ್ಮಡಿಯನ್ನು ಅತಿ ಕೆಳಗಿನ ಪೆಡಲ್ ಮೇಲಿಟ್ಟಾಗ ಕಾಲು ಪೂರ್ತಿ ನೇರವಾಗಬೇಕು, ಸೊಂಟ ವಾಲಬಾರದು. ಶುರುವಿಗೆ ಈ ಅಂದಾಜು ಸಾಕು.

ಪೆಡಲ್ ವಿಷಯ ಸುಲಭ. ರೋಡ್ ಬೈಕಿಗೆ ರೋಡ್ ಪೆಡಲ್ಲೇ ಹಾಕಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಮೌಂಟನ್ ಬೈಕಿನಲ್ಲಿ ಎರಡು ಬೋಲ್ಟಿನ ಎಸ್‌ಪಿಡಿ (ಶೂ ಅಡಿಯ ಚಿಕ್ಕ ಲೋಹದ ತುಂಡು ಸಿಕ್ಕಿಕೊಳ್ಳುವ ಪೆಡಲ್) ಬಳಸುತ್ತಿದ್ದರೆ ಅದನ್ನೇ ಇಲ್ಲಿಗೂ ಹಾಕಿ. ಎರಡೂ ಬದಿಯಿಂದ ಸಿಕ್ಕಿಕೊಳ್ಳುತ್ತದೆ, ಕಾಲಿಗೆ ಬಿಡಿಸುವ ಅಭ್ಯಾಸ ಇದೆ, ಒಂದೇ ಶೂ ಸಾಕು, ನಡೆಯಲೂ ಬರುತ್ತದೆ. ಮೂರು ಬೋಲ್ಟಿನ ರೋಡ್ ಪೆಡಲ್ ಅಗಲವಾಗಿದ್ದು ಉದ್ದ ಸವಾರಿಗೆ ಪಾದಕ್ಕೆ ಹಿತ. ಆದರೆ ಬಿಡಿಸುವ ಬಲ, ಕೋನ ಬೇರೆ. ಟ್ರೇಲ್‌ನಲ್ಲಿ ಚಪ್ಪಟೆ ಪೆಡಲ್ ಬಳಸುವವರಾದರೆ ರಸ್ತೆಯಲ್ಲೂ ಅದನ್ನೇ ಬಳಸಿ ಶುರು ಮಾಡಿದರೆ ಯಾವ ಅವಮಾನವೂ ಇಲ್ಲ.

ಇಳಿಜಾರಿನ ಭಯ

ನಿಮ್ಮ ಸ್ನೇಹಿತರು ನಗುವುದು ಬೇಡ. ಈ ಭಯಕ್ಕೆ ಕಾರಣ ಇದೆ. ಟ್ರೇಲ್ ಬೈಕಿನ ಹ್ಯಾಂಡಲ್ 740ರಿಂದ 800 ಮಿಮೀ ಅಗಲ. ರೋಡ್ ಬೈಕಿನದು 400-440. ಟ್ರೇಲ್ ಬೈಕಿನ ಮುಂಭಾಗ 64-66 ಡಿಗ್ರಿ ಕೋನದಲ್ಲಿ ಮುಂದಕ್ಕೆ ಚಾಚಿರುತ್ತದೆ. ರೋಡ್ ಬೈಕಿನಲ್ಲಿ ಅದು 72-74 ಡಿಗ್ರಿ, ಹೆಚ್ಚುಕಡಿಮೆ ನೆಟ್ಟಗೆ. ಹಾಗಾಗಿ ನೀವು ಕೈಯನ್ನು ಒಂದಿಷ್ಟು ಅಲುಗಿಸಿದರೂ ಸೈಕಲ್ ತಟ್ಟನೆ ಪ್ರತಿಕ್ರಿಯಿಸುತ್ತದೆ. ಭಯದಲ್ಲಿ ಹ್ಯಾಂಡಲ್ ಬಿಗಿ ಹಿಡಿದರೆ ನಿಮ್ಮ ನಡುಕವೂ ಚಕ್ರಕ್ಕೆ ಹೋಗುತ್ತದೆ. ವೇಗದಲ್ಲಿ ಸೈಕಲ್ ಅದುರಲು ಶುರುವಾದರೆ ಹಿಡಿತ ಸಡಿಲಿಸಿ, ಮೊಣಕಾಲುಗಳನ್ನು ಮೇಲಿನ ಕೊಳವೆಗೆ ಒತ್ತಿ, ನಿಧಾನ ವೇಗ ಇಳಿಸಿ.

ಇನ್ನೊಂದು ಕಾರಣ ಕೈ ಇಡುವ ಜಾಗ. ಡ್ರಾಪ್‌ಗೆ ಕೈ ಇಳಿಸಿದರೆ ತಲೆ ಮುಂದೆ ಬಗ್ಗುತ್ತದೆ, ಅದು ರೇಸ್ ಮಾಡುವವರಿಗೆ ಅಂತ ಹೊಸಬರು ಹುಡ್ ಮೇಲೇ ಕೈಯಿಟ್ಟು ಇಳಿಯುತ್ತಾರೆ. ಹುಡ್‌ನಿಂದ ಬ್ರೇಕ್ ಲಿವರಿನ ಮೇಲ್ತುದಿ ಸಿಗುತ್ತದೆ, ಅಲ್ಲಿ ಬೆರಳಿಗೆ ಬಲ ಕಡಿಮೆ. ಡ್ರಾಪ್‌ನಿಂದ ಲಿವರಿನ ತುದಿ ಸಿಗುತ್ತದೆ. ಒಂದೆರಡು ಬೆರಳಿಗೆ ಬ್ರೇಕ್ ಹತೋಟಿಗೆ ಬರುತ್ತದೆ. ಮೈಭಾರವೂ ಕೆಳಗಿಳಿಯುತ್ತದೆ. ಹಳೆಯ ಬೈಕಿನಲ್ಲಿ ರಿಮ್ ಬ್ರೇಕ್ ಇದ್ದರಂತೂ ಇದು ಮುಖ್ಯ. ಖಾಲಿ, ಸಣ್ಣ ಇಳಿಜಾರಿನಲ್ಲಿ ಡ್ರಾಪ್ ಹಿಡಿದು ಇಳಿದು, ಬ್ರೇಕ್ ಹಿಡಿದು, ನಿಂತು ಅಭ್ಯಾಸ ಮಾಡಿ. ಲಿವರ್ ದೂರ ಅನ್ನಿಸಿದರೆ ಹತ್ತಿರ ಮಾಡಿಕೊಳ್ಳುವ ಸ್ಕ್ರೂ ಹೆಚ್ಚಿನ ಲಿವರ್‌ಗಳಲ್ಲಿ ಇರುತ್ತದೆ.

ತಿರುವಿನಲ್ಲಿ ಟ್ರೇಲ್ ಅಭ್ಯಾಸವೊಂದನ್ನು ಬಿಡಬೇಕು. ಅಲ್ಲಿ ಸೈಕಲ್ಲನ್ನು ಒಳಕ್ಕೆ ವಾಲಿಸಿ ಮೈಯನ್ನು ನೆಟ್ಟಗೆ ಇಟ್ಟುಕೊಳ್ಳುತ್ತೀರಿ, ಪೆಡಲ್ ಎರಡೂ ಸಮಕ್ಕೆ ಇರುತ್ತವೆ. ಇಲ್ಲಿ ಮೈ ಸೈಕಲ್ ಜೊತೆಗೇ ವಾಲಲಿ. ಹೊರಗಿನ ಪೆಡಲ್ ಕೆಳಗೆ, ಭಾರವೆಲ್ಲ ಅದರ ಮೇಲೆ. ಬ್ರೇಕ್ ತಿರುವಿಗೆ ಮುಂಚೆಯೇ ಮುಗಿಯಬೇಕು. ಕಣ್ಣು ತಿರುವಿನ ಕೊನೆಯ ಕಡೆ ಇರಲಿ. ಇದು ನಿಮಗೆ ಗೊತ್ತಿದೆ, ಟ್ರೇಲ್‌ನಲ್ಲೂ ಇದನ್ನೇ ಮಾಡುತ್ತೀರಿ.

ಅಪಾಯ ಇರುವುದು ಜಾರುವಿಕೆಯಲ್ಲಿ. ಟ್ರೇಲ್‌ನಲ್ಲಿ ಚಕ್ರ ಜಾರುವುದು ದಿನನಿತ್ಯದ ಮಾತು. ಜಾರಿದಾಗ ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ. ಟಾರಿನ ಮೇಲೆ ಟೈರ್ ಕೊನೆಯವರೆಗೂ ಹಿಡಿದುಕೊಂಡಿದ್ದು ಹಠಾತ್ತನೆ ಬಿಡುತ್ತದೆ. ಹಿಂದಿನ ಬ್ರೇಕ್ ಎಳೆದು ಚಕ್ರ ಜಾರಿಸಿ ತಿರುಗಿಸುವ ಆಟ ಇಲ್ಲಿ ಬೇಡವೇ ಬೇಡ. ತಿರುವಿನಲ್ಲಿ ಚೆಲ್ಲಿದ ಮರಳು, ಒದ್ದೆಯಾದ ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ ಇವುಗಳ ಮೇಲೆ ಸೈಕಲ್ ವಾಲಿಸಬೇಡಿ. ರೈಲು ಹಳಿಯನ್ನು ಅಡ್ಡಕ್ಕೆ, ಲಂಬ ಕೋನದಲ್ಲೇ ದಾಟಿ.

ಒದ್ದೆ ರಸ್ತೆಗೆ ರಬ್ಬರಿನ ಉಬ್ಬುಗಳಿರುವ ಮೌಂಟನ್ ಬೈಕ್ ಟೈರೇ ವಾಸಿ ಅನ್ನುವ ಮಾತೂ ಕೇಳುತ್ತೇನೆ. ತಪ್ಪು. ಮಣ್ಣಿನಲ್ಲಿ ಉಬ್ಬು ಒಳಕ್ಕೆ ಕಚ್ಚುತ್ತದೆ, ಟಾರಿನಲ್ಲಿ ಕಚ್ಚಲು ಏನೂ ಇಲ್ಲ. ಅಲ್ಲಿ ಎಷ್ಟು ರಬ್ಬರ್ ನೆಲಕ್ಕೆ ತಾಗಿದೆ ಅನ್ನುವುದೇ ಮುಖ್ಯ, ಅದಕ್ಕೆ ನುಣುಪು ಟೈರ್ ಒಳ್ಳೆಯದು. ಕಾರಿನ ಟೈರ್ ನೀರಿನ ಮೇಲೆ ತೇಲಿದ ಹಾಗೆ ಸೈಕಲ್ ಟೈರ್ ನಾವು ಹೋಗುವ ವೇಗದಲ್ಲಿ ತೇಲುವುದಿಲ್ಲ.

ಕೈ ಕೆಡುತ್ತದೆಯೇ?

ರಸ್ತೆಗೆ ಹೋದವರ ಟ್ರೇಲ್ ಕೌಶಲ ಕೆಡುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಟ್ರೇಲ್‌ಗೆ ಹೋಗದೇ ಇದ್ದವರ ಕೌಶಲ ಮಂಕಾಗುತ್ತದೆ, ಅಷ್ಟೇ. ಆ ದಿನಗಳಲ್ಲಿ ರೋಡ್ ಬೈಕ್ ಓಡಿಸಿದರೂ ಒಂದೇ, ಮನೆಯಲ್ಲಿ ಕೂತರೂ ಒಂದೇ.

ಕೆಡುವುದಾದರೆ ಫ್ರಾನ್ಸ್‌ನ ಸೈಕ್ಲಿಸ್ಟ್ ಪೌಲಿನ್ ಫೆರಾಂ-ಪ್ರೆವೊ ಅವರಿಗೆ ಕೆಡಬೇಕಿತ್ತು. 2014ರಲ್ಲಿ ರಸ್ತೆಯಲ್ಲಿ ವಿಶ್ವ ಚಾಂಪಿಯನ್, 2015ರಲ್ಲಿ ಮೌಂಟನ್ ಬೈಕ್‌ನಲ್ಲೂ ವಿಶ್ವ ಚಾಂಪಿಯನ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕ್ ಚಿನ್ನ, ಮರುವರ್ಷವೇ ಮಹಿಳೆಯರ ಟೂರ್ ದ ಫ್ರಾನ್ಸ್ ರಸ್ತೆ ರೇಸ್ ಗೆಲುವು. ಟಾಮ್ ಪಿಡ್‌ಕಾಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕ್ ಚಿನ್ನ ಗೆದ್ದು, 2022ರಲ್ಲಿ ಟೂರ್ ದ ಫ್ರಾನ್ಸ್‌ನ ಆಲ್ಪ್ ದ್ಯುಯೆಜ್ ಬೆಟ್ಟದ ಹಂತ ಗೆದ್ದು, 2024ರಲ್ಲಿ ಮತ್ತೆ ಮೌಂಟನ್ ಬೈಕ್ ಚಿನ್ನ ಗೆದ್ದರು. 2011ರ ಟೂರ್ ಗೆದ್ದ ಕ್ಯಾಡಲ್ ಎವನ್ಸ್ ಅದಕ್ಕೂ ಮೊದಲು ಎರಡು ಸಲ ಮೌಂಟನ್ ಬೈಕ್ ವಿಶ್ವಕಪ್ ಗೆದ್ದವರು. ಅವರ ಮಟ್ಟ ಬೇರೆ, ನಮ್ಮದು ಬೇರೆ, ಒಪ್ಪಿದೆ. ಆದರೆ ಒಂದೇ ಮೈಯಲ್ಲಿ ಎರಡೂ ಇರಬಹುದು ಅನ್ನುವುದಕ್ಕಂತೂ ಇಷ್ಟು ಸಾಕ್ಷಿ ಸಾಕು.

ಹಾಗಾದರೆ ಮೊನ್ನೆ ಬಿದ್ದದ್ದು ಯಾಕೆ? ಉತ್ತರ ನೀವೇ ಬರೆದಿದ್ದೀರಿ: ಹಿಂದಿನ ದಿನ 70 ಕಿಮೀ. ಸುಸ್ತಾದ ಕಾಲು ಮೈಯನ್ನು ಸೀಟಿನಿಂದ ಎತ್ತಿ ಹಿಡಿಯುವುದಿಲ್ಲ. ಸುಸ್ತಾದ ತಲೆ ತಿರುವನ್ನು ಅರ್ಧ ಸೆಕೆಂಡ್ ತಡವಾಗಿ ಓದುತ್ತದೆ. ಇದರ ಜೊತೆಗೆ, ಕಿರಿದಾದ ಹ್ಯಾಂಡಲ್‌ಗೆ ಒಗ್ಗಿದ ಕೈಗೆ ಅಗಲ ಹ್ಯಾಂಡಲ್ ಮತ್ತೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಕಣ್ಣು ಮುಚ್ಚಿ ಹೋಗುವ ತಿರುವು ಅಂದಿರಲ್ಲ, ಅಂಥ ಕಡೆಯೇ ಜನ ಬೀಳುವುದು. ಮೊದಲ 15-20 ನಿಮಿಷ ಸುಲಭದ ಭಾಗದಲ್ಲಿ ಎಂಟರ ಆಕಾರದ ಸುತ್ತು ಹಾಕಿ. ಸೀಟ್ ಇಳಿಸಿ, ಮೊಣಕೈ ಹೊರಕ್ಕೆ ಮಾಡಿ ನಿಂತು ನೋಡಿ. ಕಷ್ಟದ ಟ್ರೇಲ್ ಹಿಂದಿನ ದಿನ ಉದ್ದದ ಅಥವಾ ಜೋರಿನ ರಸ್ತೆ ಸವಾರಿ ಇಟ್ಟುಕೊಳ್ಳಬೇಡಿ. ಎರಡನ್ನೂ ಒಂದೇ ವಾರಾಂತ್ಯದಲ್ಲಿ ಮಾಡಲೇಬೇಕಿದ್ದರೆ ಟ್ರೇಲ್ ಮೊದಲು, ರಸ್ತೆ ಮರುದಿನ, ಅದೂ ಆರಾಮವಾಗಿ.

ರಸ್ತೆ ನಿಮಗೆ ಕೊಡುವುದೂ ಇದೆ. ಟ್ರೇಲ್‌ನಲ್ಲಿ ನಿಧಾನ ಹೋಗಬೇಕೆಂದರೂ ಆಗುವುದಿಲ್ಲ. ಚಿಕ್ಕ ಏರು ಬಂದರೂ ಎದೆಬಡಿತ ಮೇಲಕ್ಕೆ. ರಸ್ತೆಯಲ್ಲಿ ಎರಡು ಗಂಟೆ ಪೂರ್ತಿ ಮಾತಾಡಿಕೊಂಡು ಹೋಗುವಷ್ಟು ಹಗುರ ಶ್ರಮದಲ್ಲಿ ಇರಬಹುದು. ದಮ್ಮಿನ ಬುನಾದಿ ಕಟ್ಟುವುದು ಈ ಹಗುರ ಗಂಟೆಗಳೇ. ಮೌಂಟನ್ ಬೈಕಿನವರಲ್ಲಿ ಸಿಡಿಯುವ ಬಲ ಇರುತ್ತದೆ, ಮೂರನೇ ಗಂಟೆಗೆ ಉಳಿಯುವ ಬಲ ಕಡಿಮೆ. ಅದನ್ನು ರಸ್ತೆ ತುಂಬಿಕೊಡುತ್ತದೆ. ಇನ್ನು ರಸ್ತೆ ಸೈಕ್ಲಿಂಗ್ ಒಂದನ್ನೇ ವರ್ಷಗಟ್ಟಲೆ ಮಾಡುವವರಲ್ಲಿ ಬೆನ್ನೆಲುಬಿನ ಮೂಳೆ ಸಾಂದ್ರತೆ ಕಡಿಮೆ ಇರುವುದನ್ನು ಅಧ್ಯಯನಗಳು ಮತ್ತೆ ಮತ್ತೆ ಗುರುತಿಸಿವೆ. ಮೂಳೆಗೆ ಕುಲುಕಾಟ, ಭಾರ ಬೇಕು, ಕೂತು ತುಳಿದರೆ ಸಿಗುವುದಿಲ್ಲ. 43ರಲ್ಲಿ ಇದು ಲಘುವಾಗಿ ತೆಗೆದುಕೊಳ್ಳುವ ಮಾತಲ್ಲ. ಟ್ರೇಲ್ ಬಿಟ್ಟು ಪೂರ್ತಿ ರಸ್ತೆಗೆ ಬರುತ್ತೇನೆ ಅಂದಿದ್ದರೂ ನಾನು ಬೇಡ ಅನ್ನುತ್ತಿದ್ದೆ, ಇಲ್ಲವೇ ಭಾರ ಎತ್ತುವ ವ್ಯಾಯಾಮ ಸೇರಿಸಿ ಅನ್ನುತ್ತಿದ್ದೆ.

ಬೇಜಾರಿನ ಬಗ್ಗೆ. ಟ್ರೇಲ್‌ನಲ್ಲಿ ನಿಮ್ಮ ಗಮನವನ್ನು ನೆಲವೇ ಎಳೆದುಕೊಳ್ಳುತ್ತದೆ. ರಸ್ತೆಯಲ್ಲಿ ಗಮನ ಇಡಲು ಏನಾದರೂ ಬೇಕು. ಸರಾಸರಿ ವೇಗ ನೋಡುತ್ತಾ ಹೋಗುವುದು ಅತ್ಯಂತ ಬೇಸರದ ದಾರಿ. ಗಾಳಿಯ ದಿಕ್ಕು ಬದಲಾದರೆ ಆ ಅಂಕಿಗೆ ಅರ್ಥವೇ ಇಲ್ಲ. ವೇಗ 20ರಿಂದ 30 ಕಿಮೀಗೆ ಏರಿದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಮೂರು ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಟ್ರೇಲ್‌ನಲ್ಲಿ ಗಾಳಿ ನಿಮ್ಮ ಲೆಕ್ಕಕ್ಕೇ ಇರಲಿಲ್ಲ, ಇಲ್ಲಿ ಮುಖ್ಯ ಎದುರಾಳಿಯೇ ಅದು. ಇದು ತಲೆಗೆ ಹೋದಮೇಲೆ ರಸ್ತೆ ರುಚಿಸಲು ಶುರುವಾಗುತ್ತದೆ: ಯಾವಾಗ ಬಗ್ಗಬೇಕು, ಯಾರ ಹಿಂದೆ ಹೋಗಬೇಕು, ಯಾವ ತಿರುವಿನ ಆಚೆ ಎದುರುಗಾಳಿ ಸಿಗುತ್ತದೆ ಅಂತ ಲೆಕ್ಕ ಹಾಕುವುದು. ಒಂದು ಉದ್ದನೆಯ ಏರನ್ನು ಆರಿಸಿಕೊಂಡು ಉಸಿರಿನ ಲಯ ತಪ್ಪದೆ ಹತ್ತಿ ನೋಡಿ. ಟ್ರೇಲ್‌ನಲ್ಲಿ ಸಿಗದ ಸುಖ ಅದು.

ಗುಂಪಿನಲ್ಲಿ ಹೋಗುವುದಾದರೆ ಎಚ್ಚರ. ಇನ್ನೊಬ್ಬರ ಹಿಂದೆ ಹತ್ತಿರದಲ್ಲಿದ್ದರೆ ಶ್ರಮದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಉಳಿಯುತ್ತದೆ. ಆದರೆ ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಹೋಗಬಾರದು. ಅವರು ಸ್ವಲ್ಪ ಸರಿದರೂ ಬೀಳುವವರು ನೀವು. ಗುಂಡಿ ಕಂಡರೆ ಹಾರಿಸುವುದು, ತಟ್ಟನೆ ಪಕ್ಕಕ್ಕೆ ಎಳೆಯುವುದು ಒಬ್ಬರೇ ಇದ್ದಾಗ. ಗುಂಪಿನಲ್ಲಿ ಕೈ ತೋರಿಸಿ, ಕೂಗಿ ಹೇಳಿ, ನೇರ ಹೋಗಿ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ವಾಹನಗಳು. ಟ್ರೇಲ್‌ನಲ್ಲಿ ಬೀಳುವುದು ಜಾಸ್ತಿ, ಆದರೆ ಹೆಚ್ಚಿನವು ತರಚುಗಾಯ, ತಪ್ಪೂ ನಮ್ಮದೇ. ರಸ್ತೆಯಲ್ಲಿ ಬೀಳುವುದು ಅಪರೂಪ. ಬಿದ್ದರೆ ಇನ್ನೊಬ್ಬರ ಕೈಯಲ್ಲಿದ್ದ ಎರಡು ಟನ್ ಕಬ್ಬಿಣ ಅದರಲ್ಲಿ ಸೇರಿರಬಹುದು. ದಾರಿ ಮತ್ತು ಸಮಯವನ್ನು ಎಚ್ಚರದಿಂದ ಆರಿಸುವುದೇ ಇದಕ್ಕೆ ಮೊದಲ ಮದ್ದು. ಹಗಲಲ್ಲೂ ಹಿಂದಿನ ಕೆಂಪು ದೀಪ ಉರಿಯಲಿ. ತೀರಾ ಅಂಚಿಗೆ ಅಂಟಿಕೊಂಡು ಹೋಗಬೇಡಿ, ಅಲ್ಲೇ ಗುಂಡಿ, ಮರಳು, ತಟ್ಟನೆ ತೆರೆಯುವ ಕಾರಿನ ಬಾಗಿಲು ಇರುವುದು. ಕಿವಿಯಲ್ಲಿ ಹಾಡು ಬೇಡ. ಹೆಲ್ಮೆಟ್ ಹೊಸದು ಬೇಕಿಲ್ಲ. ನಿಮ್ಮ ಅರ್ಧ (ಮುಖ ಮುಚ್ಚದ) ಹೆಲ್ಮೆಟ್ ಪಾಸಾಗಿರುವ ಸುರಕ್ಷತಾ ಪರೀಕ್ಷೆಯೇ ರೋಡ್ ಹೆಲ್ಮೆಟ್‌ಗೂ. ಮುಂದಿನ ಚಾಚು ಮಾತ್ರ ಬಗ್ಗಿದಾಗ ದಾರಿ ಮರೆಮಾಡುತ್ತದೆ, ತೆಗೆದಿಡಿ.

ಈಗ ನಿಮ್ಮ ಮುಂದಿರುವ ದಾರಿಗಳು. ಮೊದಲನೆಯದು ಈ ರೋಡ್ ಬೈಕನ್ನೇ ಸರಿಮಾಡಿಕೊಳ್ಳುವುದು. ನನ್ನ ಸಲಹೆ ಅದೇ. ಎರಡನೆಯದು, ನಿಮ್ಮ ಮೌಂಟನ್ ಬೈಕ್ 29 ಇಂಚಿನ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ್ದು) ಆಗಿದ್ದರೆ ಅದಕ್ಕೇ ನುಣುಪು ಟೈರ್ ಹಾಕಿ ರಸ್ತೆಗೆ ಇಳಿಯುವುದು. 29 ಇಂಚು ಮತ್ತು ರೋಡ್ ಬೈಕಿನ 700ಸಿ ಎರಡರ ರಿಮ್ ವ್ಯಾಸವೂ 622 ಮಿಮೀ, ಹಾಗಾಗಿ ಟೈರ್ ಆಯ್ಕೆ ಬೇಕಾದಷ್ಟಿದೆ. ಆದರೆ ಮೌಂಟನ್ ಬೈಕಿನ ಅಗಲ ರಿಮ್‌ಗೆ 28 ಮಿಮೀ ಟೈರ್ ಹಾಕುವುದು ಅಪಾಯ. 40 ಮಿಮೀ ಮೇಲಿನದೇ ಇರಲಿ, ರಿಮ್‌ಗೆ ಹೊಂದುತ್ತದೆಯೇ ಅಂತ ಕೇಳಿ ಹಾಕಿಸಿ. ಖರ್ಚು ಕಡಿಮೆ. ಆದರೆ ಪ್ರತಿ ವಾರ ಟೈರ್ ಬದಲಿಸುವ ಉತ್ಸಾಹ ಒಂದು ತಿಂಗಳಿಗಿಂತ ಹೆಚ್ಚು ಉಳಿದವರನ್ನು ನಾನು ಕಂಡಿಲ್ಲ. ಮೂರನೆಯದು ಗ್ರಾವೆಲ್ ಬೈಕ್, ಅಂದರೆ ರೋಡ್ ಬೈಕಿನ ಆಕಾರದ, ಅಗಲ ಟೈರಿನ ಸೈಕಲ್. ಒಂದೇ ಸೈಕಲ್ ಇಡಲು ಜಾಗವಿರುವವರಿಗೆ ಒಳ್ಳೆಯದು. ನಿಮಗೆ ಬೇಡ. ಕಲ್ಲುಬಂಡೆ ಇಳಿಯುವವರಿಗೆ ಅದು ಸಾಲದು, ರಸ್ತೆ ಗುಂಪಿನ ಜೊತೆ ಹೋಗುವಾಗಲೂ ಸ್ವಲ್ಪ ಹಿಂದೆ.

ಈ ವಾರ ಗಾಳಿ ಇಳಿಸಿ, ಸೀಟ್ ಸಮ ಮಾಡಿ, ಪೆಡಲ್ ಬದಲಿಸಿ. ಕ್ಯಾಸೆಟ್ ಮುಂದಿನ ತಿಂಗಳು ಆದರೂ ನಡೆಯುತ್ತದೆ, ಅಲ್ಲಿಯವರೆಗೆ ಕಡಿದಾದ ಏರು ಬಿಟ್ಟುಬಿಡಿ. ಆರು ವಾರ ರಸ್ತೆ ಸವಾರಿ ಒಂದೂವರೆ ಗಂಟೆಯೊಳಗೆ ಇರಲಿ, ದಮ್ಮು ಎಷ್ಟೇ ಇದ್ದರೂ. ಇಷ್ಟರ ಮೇಲೂ ಸೈಕಲ್ ಇಳಿದ ಮರುದಿನ ಬೆರಳಿನ ಜೋಮು ಉಳಿದರೆ, ಬೆರಳು ಅಗಲಿಸಲು ಅಥವಾ ಬಾಟಲಿ ಮುಚ್ಚಳ ತಿರುಗಿಸಲು ಬಲ ಸಾಲದಿದ್ದರೆ, ಕುತ್ತಿಗೆ ನೋವು ತೋಳಿಗೆ ಇಳಿದರೆ ಅಥವಾ ಮಂಡಿ ಊದಿಕೊಂಡರೆ ಸೈಕಲ್ ಬದಿಗಿಟ್ಟು ವೈದ್ಯರನ್ನು ನೋಡಿ. ನರದ ಮೇಲಿನ ಒತ್ತಡ ಬೇಗ ತೆಗೆದರೆ ಸಾಮಾನ್ಯವಾಗಿ ಪೂರ್ತಿ ಗುಣವಾಗುತ್ತದೆ, ತಿಂಗಳುಗಟ್ಟಲೆ ತಳ್ಳಿದರೆ ಕಷ್ಟ.